ರಾಡ್ ಬೋಲ್ಟನ್ನು ಅಳೆದು ಬಿಗಿದವರು

“ಅವರು ಎಂಜಿನಿನ ಬೋಲ್ಟುಗಳನ್ನು ಕೈಯಂದಾಜಿನಿಂದಲೇ ಬಿಗಿಯುತ್ತಿದ್ದರು. ಆ ಕೈ ಎಂದೂ ತಪ್ಪಲಿಲ್ಲ. ಒಮ್ಮೆ ಮಾತ್ರ, ಗಲ್ಫಿನಿಂದ ತಂದ ಅಳತೆಯ ಸ್ಪ್ಯಾನರನ್ನು ನಂಬಿ ಬಿಗಿದ ಎಂಜಿನ್ ಘಾಟಿಯಲ್ಲಿ ಒಡೆಯಿತು. ಅಂದೇ ಅವರು ಆ ಸ್ಪ್ಯಾನರನ್ನು ಬಿಟ್ಟರು. ಮತ್ತೆ ಜೀವಮಾನವಿಡೀ ಮುಟ್ಟಲಿಲ್ಲ.”

ಗುರುವಾಯನಕೆರೆಯಲ್ಲಿ ಬಹುಕಾಲ ಗ್ಯಾರೇಜು ನಡೆಸಿ, ಕಳೆದ ಮಳೆಗಾಲದಲ್ಲಿ ಬಂಟ್ವಾಳದ ತಮ್ಮ ಮನೆಯಲ್ಲಿ ತೀರಿಕೊಂಡ ಮೇಸ್ತ್ರಿಯೊಬ್ಬರ ನೆನಪಿಗೆಂದು ಅಚ್ಚಾಗಲಿದ್ದ ಕರಪತ್ರದ ಆರಂಭ ಇದು. ಬರೆದವರು ಮೂಡುಬಿದಿರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ, ನಲವತ್ತೈದರ ಆಸುಪಾಸಿನ ಒಬ್ಬ ಉತ್ಸಾಹಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆಯ ಗ್ಯಾರೇಜುಗಳ ಗೋಡೆಯ ಮೇಲೆ ಅದನ್ನು ಅಂಟಿಸುವುದು ಅವರ ಉದ್ದೇಶವಾಗಿತ್ತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ ಪತ್ರಿಕೆಗಳಿಗೆ ಕಾಗದ ಬರೆದು ತಕರಾರು ಎತ್ತುವವನು ಎಂಬ ಹೆಸರಿರುವುದರಿಂದ, ಕಾಗುಣಿತ ನೋಡಿಕೊಡಬೇಕೆಂದು ಹಸ್ತಪ್ರತಿಯನ್ನು ನನ್ನ ಬಳಿಗೆ ತಂದರು. ಕಾಗುಣಿತದಲ್ಲಿ ಒಂದೂ ತಪ್ಪಿರಲಿಲ್ಲ. ಉಳಿದದ್ದರಲ್ಲಿ ಬಹುಪಾಲು ತಪ್ಪಾಗಿತ್ತು.

ಈ ಕತೆಯನ್ನು ನಾನು ಮೊದಲ ಬಾರಿಗೆ ಕೇಳಿದ್ದೇನೂ ಅಲ್ಲ. ಬಂಟ್ವಾಳದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕೇಳಿದಾಗ ಎಂಜಿನ್ ಒಡೆದದ್ದು ಶಿರಾಡಿಯಲ್ಲಿ. ಬೆಳ್ತಂಗಡಿಯ ಬಿಡಿಭಾಗದ ಅಂಗಡಿಯಲ್ಲಿ ಕೇಳಿದಾಗ ಚಾರ್ಮಾಡಿಯಲ್ಲಿ. ಒಬ್ಬರ ಬಾಯಲ್ಲಿ ಅದು ಜೀಪು, ಇನ್ನೊಬ್ಬರ ಬಾಯಲ್ಲಿ ಲಾರಿ. ಜಾಗವೂ ಗಾಡಿಯೂ ಹೇಳುವವನಿಗೆ ತಕ್ಕಂತೆ ಬದಲಾಗುತ್ತಿದ್ದರೆ, ಕತೆಯಲ್ಲಿ ಬದಲಾಗದೆ ಉಳಿದ ಭಾಗವನ್ನೂ ಅನುಮಾನಿಸುವುದು ನನ್ನ ಸ್ವಭಾವ. ಆದರೆ ಈ ವಿಷಯದಲ್ಲಿ ನಾನು ಅನುಮಾನಿಸಬೇಕಾದ ಅಗತ್ಯವೇ ಇಲ್ಲ. ಒಡೆದದ್ದು ಒಂದು ಬಾಡಿಗೆ ಕಾರಿನ ಎಂಜಿನ್. ಒಡೆದ ಜಾಗ ನೆರಿಯದಿಂದ ಕೆಳಗಿಳಿಯುವ ರಸ್ತೆ. ಆ ಕಾರಿನ ಚಾಲಕ ನಾನು.

ಮೇಸ್ತ್ರಿಯವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬೇಡ, ಕೆಲಸದ ಬಗ್ಗೆ ಬರೆಯಿರಿ ಎಂದು ಅವರ ಪತ್ನಿ ಕೇಳಿಕೊಂಡಿದ್ದಾರೆ. ಕರಾವಳಿಯ ಹಳೆಯ ಬ್ಯಾರಿ ಕುಟುಂಬದವರು ಎಂದಷ್ಟೇ ಹೇಳಿದರೆ ಸಾಕು. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದವನು ನಾನು. ಏನಾದರೂ ಹೆಚ್ಚುಕಡಿಮೆಯಾಗಿದ್ದರೆ ಅದು ನನ್ನದು.

ನೋಡಲಿಕ್ಕೆ ಅವರು ಮೇಸ್ತ್ರಿಯ ಹಾಗಿರಲಿಲ್ಲ. ಗ್ಯಾರೇಜಿನವರ ಬಟ್ಟೆಯಲ್ಲಿ ಸಾಮಾನ್ಯವಾಗಿ ಕಾಣುವ ಎಣ್ಣೆಯ ಕಪ್ಪು ಅವರ ಬಟ್ಟೆಯ ಮೇಲೆ ಕಡಿಮೆ. ಅಳತೆಯ ಉಪಕರಣ ಮುಟ್ಟುವ ಮುಂಚೆ ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ, ಮಗುವಿನ ಬೆರಳು ಒರಸುವ ಹಾಗೆ, ಹಳೆಯ ಬನಿಯನ್ನಿನ ತುಂಡಿನಿಂದ ಒರಸಿಕೊಳ್ಳುತ್ತಿದ್ದರು. ಬೋಲ್ಟು ಬಿಗಿಯುವಾಗ ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಬೈಯುತ್ತಿರಲಿಲ್ಲ, ಅದುವರೆಗೆ ಬಿಗಿದದ್ದನ್ನೆಲ್ಲ ಸಡಿಲಿಸಿ ಮೊದಲಿನಿಂದ ಆರಂಭಿಸುತ್ತಿದ್ದರು. ಆ ಮೌನದ ಶಿಕ್ಷೆಗಿಂತ ಬೈಗುಳವೇ ಮೇಲೆನಿಸುತ್ತಿತ್ತು. ಒಮ್ಮೆ ಮಗಳ ಮದುವೆಗೆ ಕಾರು ಬೇಕೆಂದು ಅವಸರದಲ್ಲಿದ್ದ ಒಬ್ಬ ಗಿರಾಕಿ ಬಾಗಿಲಲ್ಲಿ ನಿಂತು, ಮೇಸ್ತ್ರಿಗಳು ಎಂಜಿನ್ ಕಟ್ಟುತ್ತಿದ್ದಾರೋ ಕಸೂತಿ ಹಾಕುತ್ತಿದ್ದಾರೋ ಎಂದು ಕೊಂಕಾಗಿ ಕೇಳಿದರು. ಅವರು ಸ್ಪ್ಯಾನರನ್ನು ಕೆಳಗಿಟ್ಟು, “ಕಸೂತಿ ತಪ್ಪಿದ್ರೆ ಬಿಚ್ಚಿ ಪುನಃ ಹಾಕ್ಬಹುದು” ಎಂದರು. ಆಮೇಲೆ ಎಂಟೂ ಬೋಲ್ಟುಗಳನ್ನು ಸಡಿಲಿಸಿದರು. ಆ ಗಿರಾಕಿ ಮದುವೆಗೆ ಬೇರೆ ಕಾರು ಗೊತ್ತುಮಾಡಿಕೊಂಡರು.

ಎಂಟು ಬೋಲ್ಟು ಎಂದೆ. ತಿಳಿಯದವರಿಗಾಗಿ ಹೇಳುತ್ತೇನೆ. ಎಂಜಿನಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನು, ಕೆಳಗೆ ಸುತ್ತುವ ಕ್ರ್ಯಾಂಕಿಗೆ ಜೋಡಿಸುವ ಗಟ್ಟಿ ದಂಡವೇ ಕನೆಕ್ಟಿಂಗ್ ರಾಡ್. ಅದರ ಕೆಳತುದಿ ಎರಡು ಹೋಳುಗಳಾಗಿದ್ದು, ಕ್ರ್ಯಾಂಕನ್ನು ಅಪ್ಪಿ ಹಿಡಿಯುವಂತೆ ಎರಡು ಬೋಲ್ಟುಗಳಿಂದ ಬಿಗಿದಿರುತ್ತದೆ. ನಾಲ್ಕು ಪಿಸ್ಟನ್ನಿನ ಕಾರಿನಲ್ಲಿ ಇಂಥ ಬೋಲ್ಟುಗಳು ಎಂಟು. ಕಿರುಬೆರಳಿಗಿಂತ ದಪ್ಪವಿಲ್ಲದ ಈ ಬೋಲ್ಟುಗಳಲ್ಲಿ ಒಂದು ತುಂಡಾದರೂ ಸಾಕು, ರಾಡು ಬಿಡಿಸಿಕೊಂಡು ಎಂಜಿನಿನ ಪಕ್ಕೆಯನ್ನೇ ಒಡೆದು ಹೊರಬರುತ್ತದೆ. ಎಂಜಿನ್ ಕಟ್ಟುವವನ ಯೋಗ್ಯತೆಯೆಲ್ಲ ಈ ಎಂಟರಲ್ಲಿದೆ ಎನ್ನುವುದು ಅವರ ಮಾತು.

ನನ್ನ ಕಾರಿನಲ್ಲಿ ಆದದ್ದೂ ಅದೇ. ಆ ಕಾರು ನನ್ನದಲ್ಲ. ಬೆಳುವಾಯಿಯ ಧಣಿಯೊಬ್ಬರದು, ಗುರುವಾಯನಕೆರೆಯ ಸ್ಟ್ಯಾಂಡಿನಲ್ಲಿಟ್ಟು ಓಡಿಸುತ್ತಿದ್ದವನು ನಾನು. ಎಂಜಿನ್ ಹಳತಾಗಿ ಹೊಗೆ ಕಾರುತ್ತಿದ್ದುದರಿಂದ ಈ ಮೇಸ್ತ್ರಿಯವರಿಂದ ಹೊಸದಾಗಿ ಕಟ್ಟಿಸಲಾಗಿತ್ತು. ಅವರು ಗಲ್ಫಿನಿಂದ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿನ ಒಂದು ಗ್ಯಾರೇಜಿನಲ್ಲಿ ದುಡಿದು, ಊರಿಗೆ ಬರುವಾಗ ಬೇರೆಯವರು ರೇಡಿಯೋ, ಸೆಂಟು ತಂದರೆ ಇವರು ಟಾರ್ಕ್ ರೆಂಚು ತಂದಿದ್ದರು. ಎಷ್ಟು ಬಲದಲ್ಲಿ ಬಿಗಿಯಬೇಕೋ ಅಷ್ಟಕ್ಕೆ ಇಟ್ಟರೆ, ಆ ಬಲ ಮುಟ್ಟಿದ ಕೂಡಲೇ ‘ಟಕ್’ ಎನ್ನುವ ಉದ್ದ ಕೈಯ ಸ್ಪ್ಯಾನರು ಅದು. ಅಂಥದ್ದನ್ನು ನಮ್ಮ ಕಡೆ ಆಗ ಯಾರೂ ಕಂಡಿರಲಿಲ್ಲ. ಆ ಸದ್ದು ಕೇಳಲಿಕ್ಕೆಂದೇ ಜನ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದರು.

ಎಂಜಿನ್ ಕಟ್ಟಿ ಎರಡು ತಿಂಗಳಾಗಿರಬೇಕು. ಒಂದು ಸೋಮವಾರ ನೆರಿಯಕ್ಕೆ ಮೂವರನ್ನು ಬಿಟ್ಟು ಖಾಲಿ ಗಾಡಿಯಲ್ಲಿ ಇಳಿಯುತ್ತಿದ್ದೆ. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿದ್ದೆ, ಹಾಗಿರಬೇಕಾದದ್ದೇ ಕ್ರಮ. ಕಲ್ಲು ತಗಲಿದ ಹಾಗೆ ಒಂದು ಸದ್ದು, ಅದರ ಹಿಂದೆಯೇ ಸುತ್ತಿಗೆಯಿಂದ ಕುಟ್ಟಿದ ಹಾಗೆ ಇನ್ನೊಂದು. ಗಾಡಿ ನಿಂತಿತು. ಇಳಿದು ನೋಡಿದರೆ ಎಂಜಿನಿನ ಪಕ್ಕದಲ್ಲಿ ಮುಷ್ಟಿ ತೂರುವಷ್ಟು ತೂತು, ರಸ್ತೆಯ ಮೇಲೆ ಎಣ್ಣೆಯ ಹೊಳೆ.

ಸಂಜೆ ಗಾಡಿಯನ್ನು ಎಳೆದು ತಂದು ಗ್ಯಾರೇಜಿಗೆ ಬಿಟ್ಟೆವು. ಸುದ್ದಿ ಮುಟ್ಟಿದ ಧಣಿಗಳು ಬಸ್ಸು ಹತ್ತಿ ಬಂದರು. ಗ್ಯಾರೇಜಿನೊಳಕ್ಕೂ ಹೋಗದೆ, ಸ್ಟ್ಯಾಂಡಿನಲ್ಲಿ ಉಳಿದ ಚಾಲಕರೆಲ್ಲ ನಿಂತಿದ್ದ ಹಾಗೆಯೇ, ಇಳಿಜಾರಿನಲ್ಲಿ ಎಂಜಿನನ್ನು ಮಿತಿಮೀರಿದ ವೇಗಕ್ಕೆ ಕೂಗಿಸಿ ಒಡೆದದ್ದು ನಾನೇ ಎಂದರು. “ಇನ್ನು ನನ್ನ ಗಾಡಿಯ ಬಾಗಿಲು ಮುಟ್ಟುದು ಬೇಡ” ಎಂದು ಹೇಳಿ, ಕೈಯೊಡ್ಡಿ ಕೀಲಿ ತೆಗೆದುಕೊಂಡು, ಬಂದ ಬಸ್ಸಿನಲ್ಲೇ ಹೋದರು.

ಕೆಲಸ ಹೋದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎಂಜಿನ್ ಒಡೆದ ಚಾಲಕ ಎಂಬ ಹೆಸರು ಒಮ್ಮೆ ಬಂದರೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಯಾವ ಸ್ಟ್ಯಾಂಡಿನಲ್ಲೂ ಯಾರೂ ಗಾಡಿ ಕೊಡುವುದಿಲ್ಲ. ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗುವಿತ್ತು. ಮಂಗಳವಾರ, ಬುಧವಾರ ಮನೆಯಲ್ಲಿ ಕುಳಿತು ಕುದಿದೆ. ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಗ್ಯಾರೇಜು ಮುಚ್ಚುತ್ತಾರೆ, ಸಿಗುವುದಿಲ್ಲ ಎಂದು ಲೆಕ್ಕಹಾಕಿ ಗುರುವಾರ ಬೆಳಿಗ್ಗೆಯೇ ಜಗಳಕ್ಕೆ ಹೋದೆ.

ಏನೆಲ್ಲ ಅಂದೆ ಎಂಬುದನ್ನು ಇಲ್ಲಿ ಬರೆಯಲಾರೆ. ಅವರ ಗಲ್ಫಿನ ಸ್ಪ್ಯಾನರಿಗೆ, ಅವರ ಟಕ್ಕಿಗೆ, ಯಾವುದಕ್ಕೂ ಮರ್ಯಾದೆ ಉಳಿಸಲಿಲ್ಲ. ಅವರು ತಡೆಯಲಿಲ್ಲ. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ನನ್ನ ಎಂಜಿನಿನ ಬೋಲ್ಟುಗಳನ್ನು ಸಾಲಾಗಿ ಇಟ್ಟಿದ್ದರು. ತುಂಡಾದದ್ದು ಒಂದು, ಉಳಿದವು ಏಳು. ಪಕ್ಕದಲ್ಲಿ ಒಂದು ಹೊಸತು. ನನ್ನ ಉಸಿರು ಮುಗಿದ ಮೇಲೆ ಒಂದು ನಟ್ಟನ್ನು ನನ್ನ ಅಂಗೈಗೆ ಹಾಕಿದರು.

“ಕೂತ್ಕೊಳ್ಳಿ ಮಾರಾಯ್ರೇ. ಹೊಸತಕ್ಕೆ ಹಾಕಿ ನೋಡಿ, ಮತ್ತೆ ಹಳತಕ್ಕೆ.”

ಹೊಸ ಬೋಲ್ಟಿನ ಮೇಲೆ ನಟ್ಟು ಬೆರಳಿನ ತುದಿಯಲ್ಲೇ ಬುಡದವರೆಗೆ ಓಡಿತು. ಹಳೆಯದರ ಮೇಲೆ ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ಎರಡನೆಯದರಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಬೆಳಕಿಗೆ ಹಿಡಿದು ನೋಡಿ ಎಂದರು. ಬೋಲ್ಟಿನ ನಡುವೆ ಸೊಂಟದಂತೆ ಸಪೂರವಾಗಿತ್ತು, ಕೂದಲೆಳೆಯಷ್ಟು.

ಆಗ ಅವರು ವಿವರಿಸಿದ್ದನ್ನು ನಾನು ಈವರೆಗೆ ಯಾವ ಪುಸ್ತಕದಲ್ಲೂ ಇಷ್ಟು ಸರಳವಾಗಿ ಓದಿಲ್ಲ. ಬೋಲ್ಟೆಂದರೆ ಸ್ಪ್ರಿಂಗು. ಬಿಗಿದಾಗ ಅದು ಸ್ವಲ್ಪ ಉದ್ದವಾಗುತ್ತದೆ, ಆ ಎಳೆತದಲ್ಲೇ ಅದು ರಾಡನ್ನು ಹಿಡಿದಿಡುತ್ತದೆ. ಸಡಿಲಿಸಿದರೆ ಮೊದಲಿನ ಉದ್ದಕ್ಕೆ ಮರಳಬೇಕು. ಮಿತಿ ಮೀರಿ ಎಳೆದರೆ ಮರಳುವುದಿಲ್ಲ. ಹಾಗಾದ ಮೇಲೆ ಅದು ನೋಡಲಿಕ್ಕೆ ಬೋಲ್ಟು, ಒಳಗೆ ಸತ್ತಿದೆ. ಚಾಲಕ ಎಂಜಿನನ್ನು ಕೂಗಿಸಿದ್ದರೂ ಬೋಲ್ಟು ಹಿಗ್ಗಬಹುದಲ್ಲ ಎಂದು ನಾನೇ ಕೇಳಿದೆ. ಜಗಳದ ನಡುವೆಯೂ ನನ್ನ ಅನುಮಾನದ ಚಾಳಿ ಬಿಟ್ಟಿರಲಿಲ್ಲ. ಅವರು ಇಲ್ಲವೆಂದು ತಲೆಯಾಡಿಸಿದರು. ಹಾಗಾದರೆ ಒಂದೊಂದು ಒಂದೊಂದು ತರಹ ಇರುತ್ತಿತ್ತು. ಇಲ್ಲಿ ಏಳೂ ಒಂದೇ ತರಹ ಹಿಗ್ಗಿವೆ, ಒಂದೇ ಕೈ ಮಾಡಿದ ಕೆಲಸ ಎಂದರು.

“ತಪ್ಪು ನನ್ನದು. ನಾಳೆ ನಿಮಗೆ ಕೀಲಿ ಸಿಗ್ತದೆ. ಮನೆಗೆ ಹೋಗಿ.”

ಮರುದಿನ ಧಣಿಗಳು ಮತ್ತೆ ಬಸ್ಸಿನಲ್ಲಿ ಬಂದು, ಅದೇ ಚಾಲಕರ ಮುಂದೆ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಎಂಜಿನ್ ಆದ ಕೂಡಲೇ ಗಾಡಿ ತೆಗೆದುಕೊಂಡು ಬಾ ಎಂದರು. ಕಾರಣ ಹೇಳಲಿಲ್ಲ. ಧಣಿಗಳಾದವರು ಹೇಳುವುದಿಲ್ಲ. ನನ್ನ ಗುರುವಾರದ ಗದ್ದಲಕ್ಕೆ ಮೇಸ್ತ್ರಿ ಬಗ್ಗಿದರು, ಹೋಗಿ ಒಪ್ಪಿಕೊಂಡರು ಎಂದು ನಾನು ತಿಳಿದೆ. ಹಾಗೆಯೇ ಎಲ್ಲರಿಗೂ ಹೇಳಿಕೊಂಡು ಬಂದೆ.

ಇನ್ನು ಸ್ಪ್ಯಾನರಿನ ವಿಷಯ. ಅದು ತೂಗುತ್ತಿದ್ದ ಮೊಳೆ ಮೂರು ತಿಂಗಳು ಖಾಲಿಯಾಗಿತ್ತು; ಅದು ನಿಜ. ಬಿಟ್ಟರು ಎಂಬ ಕತೆ ಹುಟ್ಟಿದ್ದು ಆ ಖಾಲಿ ಮೊಳೆಯಿಂದ. ಅವರು ಅದನ್ನು ಪರೀಕ್ಷೆಗೆಂದು ಮಂಗಳೂರಿಗೆ ಕಳುಹಿಸಿದ್ದರು. ಸರಿಯಿದೆ ಎಂದು ಮರಳಿ ಬಂತು. ಸ್ಪ್ಯಾನರು ನಿರಪರಾಧಿ, ಟಕ್ ಎಂದದ್ದೂ ಹೇಳಿದಷ್ಟಕ್ಕೇ. ಹಾಗಿದ್ದರೆ ಬೋಲ್ಟು ಹಿಗ್ಗಿದ್ದು ಹೇಗೆ? ಒಂದು ಭಾನುವಾರ ನನ್ನನ್ನು ಕರೆಸಿ ಅದನ್ನು ತೋರಿಸಿಕೊಟ್ಟರು. ಆಗಲೇ ಅವರಿಗೆ ಉತ್ತರ ಗೊತ್ತಿತ್ತು. ಸಾಕ್ಷಿಯ ಮುಂದೆ ಇನ್ನೊಮ್ಮೆ ಮಾಡಬೇಕೆಂದಿತ್ತು.

ನಮ್ಮ ಮಳೆಗಾಲವನ್ನು ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಆಷಾಢದಲ್ಲಿ ಬರಿಯ ಉಕ್ಕನ್ನು ರಾತ್ರಿ ಬೆಂಚಿನ ಮೇಲಿಟ್ಟರೆ ಬೆಳಿಗ್ಗೆ ಕೆಂಪು ಹಿಡಿದಿರುತ್ತದೆ. ಆದ್ದರಿಂದ ನಮ್ಮಲ್ಲಿ ಹೊಸ ಬೋಲ್ಟುಗಳನ್ನು ಗ್ರೀಸು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡುವುದು ರೂಢಿ. ಬೇಕಾದಾಗ ತೆಗೆದು ಹಾಗೆಯೇ ಹಾಕುತ್ತಾರೆ, ಜಾರುತ್ತದೆ, ಸುಲಭ. ಅವರು ಕೆಲಸ ಕಲಿತ ಮರಳುಗಾಡಿನಲ್ಲಿ ತುಕ್ಕೂ ಇಲ್ಲ, ಡಬ್ಬಿಯೂ ಇಲ್ಲ. ಬೋಲ್ಟಿಗೆ ಒಂದು ತೊಟ್ಟು ಎಂಜಿನ್ ಎಣ್ಣೆ ಹಾಕಿ ಬಿಗಿಯುತ್ತಿದ್ದರು. ಕಾರಿನ ಕಂಪೆನಿಯ ಪುಸ್ತಕದಲ್ಲಿ ಕೊಟ್ಟ ಬಿಗಿತದ ಅಂಕೆಯೂ ಆ ಒಂದು ತೊಟ್ಟು ಎಣ್ಣೆಗೆ ಕೊಟ್ಟದ್ದು. ಊರಿಗೆ ಬಂದು ಊರಿನವರಂತೆ ಡಬ್ಬಿಯಿಂದ ತೆಗೆದು ಬಿಗಿದರು. ಅಂಕೆ ಅದೇ, ಟಕ್ಕೂ ಅದೇ. ಆದರೆ ಗ್ರೀಸಿನಲ್ಲಿ ಜಾರಿದ ನಟ್ಟು ಅದೇ ಬಲಕ್ಕೆ ಇನ್ನಷ್ಟು ತಿರುಗಿ ಬೋಲ್ಟನ್ನು ಹೆಚ್ಚು ಎಳೆಯಿತು.

ಇದರ ಮೇಲೆ ಇನ್ನೊಂದು ರೂಢಿ. ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವ ಕೊಸರು ಎಲ್ಲರಿಗೂ ಗೊತ್ತು. ನಮ್ಮ ಮೇಸ್ತ್ರಿಗಳು ಬೋಲ್ಟಿಗೂ ಕೊಸರು ಹಾಕುತ್ತಾರೆ. ಬಿಗಿದು ಮುಗಿದ ಮೇಲೆ ಕಡೆಗೊಂದು ಎಳೆತ, ಧೈರ್ಯಕ್ಕೆ. ಹಾಕದಿದ್ದರೆ ಗಿರಾಕಿಗೇ ಸಮಾಧಾನವಿಲ್ಲ. ನಾನೇ ಎಷ್ಟೋ ಸಲ ನಿಂತು ಹಾಕಿಸಿದ್ದೇನೆ. ನನ್ನ ಕಾರಿನ ಬೋಲ್ಟುಗಳಿಗೆ ಅವರು ಟಕ್ ಎಂದ ಮೇಲೂ ಅಂಥ ಒಂದು ಎಳೆತ ಕೊಟ್ಟಿದ್ದರು.

ಆ ಭಾನುವಾರ ಅವರು ಒಂದೇ ಪೊಟ್ಟಣದ ಮೂರು ಹೊಸ ಬೋಲ್ಟುಗಳನ್ನು ತೆಗೆದುಕೊಂಡರು. ಒಂದನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದರು; ಇನ್ನೊಂದಕ್ಕೆ ಒಂದು ತೊಟ್ಟು ಎಣ್ಣೆ; ಮತ್ತೊಂದು ಗ್ರೀಸಿನ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆಯೇ. ಹಳೆಯ ರಾಡೊಂದಕ್ಕೆ ಹಾಕಿ ಮೂರನ್ನೂ ಅದೇ ಅಂಕೆಗೆ ಬಿಗಿಯುವ ಕೆಲಸ ನನ್ನದು. ಮೈಕ್ರೋಮೀಟರು ಹಿಡಿದು ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಅಳೆಯುವ ಕೆಲಸ ಅವರದು. ಸ್ಪ್ಯಾನರು ಮೂರಕ್ಕೂ ಒಂದೇ ರೀತಿ ಟಕ್ ಎಂದಿತು. ಒಣಗಿದ್ದು ಬೇಕಾದಷ್ಟು ಹಿಗ್ಗಲೇ ಇಲ್ಲ. ಎಣ್ಣೆಯದು ಸರಿಯಾಗಿ ಹಿಗ್ಗಿತು. ಗ್ರೀಸಿನದು ಅದನ್ನೂ ಮೀರಿ ಹೋಯಿತು. ಅದಕ್ಕೊಂದು ಕೊಸರು ಕೊಡಿ ಎಂದರು. ಕೊಟ್ಟೆ. ಸಡಿಲಿಸಿದಾಗ ಅದು ಮೊದಲಿನ ಉದ್ದಕ್ಕೆ ಮರಳಲಿಲ್ಲ.

“ಸ್ಪ್ಯಾನರು ಹೇಳುದು ನಮ್ಮ ಬಲದ ಸುದ್ದಿ” ಎಂದರು. “ಬೋಲ್ಟಿನ ಸುದ್ದಿ ಬೋಲ್ಟನ್ನೇ ಕೇಳ್ಬೇಕು.”

ಅಂದಿನಿಂದ ಅವರ ಕ್ರಮ ಬದಲಾಯಿತು. ಬೋಲ್ಟನ್ನು ತೊಳೆದು, ನಟ್ಟು ಓಡುವ ಎಳೆಗಳಿಗೂ ನಟ್ಟಿನ ಅಡಿಗೂ ಒಂದೊಂದು ತೊಟ್ಟು ಎಂಜಿನ್ ಎಣ್ಣೆ. ಮೊದಲು ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ಕೂರಿಸುವುದು, ಆಮೇಲೆ ಟಾರ್ಕ್ ರೆಂಚು. ಎರಡು ಸಲ ಬಿಗಿದು ಸಡಿಲಿಸಿ, ಎಳೆಗಳು ಒಂದಕ್ಕೊಂದು ಹೊಂದಿದ ಮೇಲೆ ಮೂರನೆಯದು ಕಡೆಯದು. ಬಿಗಿಯುವ ಮುಂಚಿನ ಉದ್ದ, ಬಿಗಿದ ಮೇಲಿನ ಉದ್ದ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಗಿರಾಕಿಗೆ ಕೊಡುತ್ತಿದ್ದರು. ಮೈಕ್ರೋಮೀಟರನ್ನೂ ಬೋಲ್ಟುಗಳನ್ನೂ ಹಿಂದಿನ ದಿನವೇ ಒಂದೇ ಹಲಗೆಯ ಮೇಲೆ ಇಡುತ್ತಿದ್ದರು. ತಗಡಿನ ಮಾಡು ಕಾಯುವ ಮುಂಚೆ ಬೆಳಿಗ್ಗೆಯೇ ಅಳೆಯುತ್ತಿದ್ದರು. ಬಿಸಿಗೆ ಲೋಹ ಹಿಗ್ಗುತ್ತದಲ್ಲ, ಎರಡಕ್ಕೂ ಒಂದೇ ಜ್ವರ ಇರಬೇಕು ಎನ್ನುತ್ತಿದ್ದರು. ಕೊಸರು ಮಾತ್ರ ನಿಂತೇಹೋಯಿತು. ಕೊಸರು ಕೇಳಿದ ಗಿರಾಕಿಗಳಿಗೆ, ಬೇಕಿದ್ದರೆ ಚಕ್ರದ ಬೋಲ್ಟಿಗೆ ಹಾಕಿಕೊಡುತ್ತೇನೆ ಎನ್ನುತ್ತಿದ್ದರು. ಅದನ್ನೂ ಹಾಕುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಕೈಯಂದಾಜಿನ ಕತೆ ಎಲ್ಲಿಂದ ಹುಟ್ಟಿತು ಎಂಬುದೂ ಇದರಲ್ಲೇ ತಿಳಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಜನ ಕಂಡದ್ದು ಸಣ್ಣ ಸ್ಪ್ಯಾನರಿನ ಮೊದಲ ಸುತ್ತನ್ನು ಮಾತ್ರ. ರೆಂಚು ಕೈಗೆ ಬರುವ ಮುಂಚೆ ಅವರು ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಇನ್ನು ಆ ‘ತಪ್ಪದ ಕೈ’ಯ ಬಗ್ಗೆ ಅವರ ಪತ್ನಿ ನನಗೆ ಹೇಳಿದ್ದನ್ನು ಕೇಳಿ. ಸಕ್ಕರೆ ಕಾಯಿಲೆಯಿಂದ ಅವರ ಬೆರಳುಗಳು ಜೋಮು ಹಿಡಿದು ಹತ್ತು ವರ್ಷಗಳಾಗಿದ್ದವು. ಚಹದ ಲೋಟ ಬಿಸಿಯೋ ತಣ್ಣಗೋ ಅವರಿಗೆ ತಿಳಿಯುತ್ತಿರಲಿಲ್ಲ. ಪತ್ನಿಯೇ ಮುಟ್ಟಿ ನೋಡಿ ಕೊಡುತ್ತಿದ್ದರು. ಆ ಹತ್ತು ವರ್ಷವೂ ಅವರು ಎಂಜಿನ್ ಕಟ್ಟಿದರು. ಅಂದಾಜಿಸುವ ಬೆರಳೇ ಇಲ್ಲದವರಿಗೆ ಕೈಯಂದಾಜಿನ ಕೀರ್ತಿ ಕಟ್ಟಿದ್ದೇವೆ.

ಅವರಿಂದ ನನಗಾದ ಉಪಕಾರ ಕೀಲಿ ಮರಳಿ ಸಿಕ್ಕಿದ್ದಕ್ಕೇ ಮುಗಿಯಲಿಲ್ಲ. ಯಾರು ಏನು ಹೇಳಿದರೂ ಇಲ್ಲವೆನ್ನುವುದು ನನ್ನ ಹುಟ್ಟುಗುಣ. ನಮ್ಮೂರಿನ ಕೆರೆಯೊಂದನ್ನು ಏಳು ಜನ ಒಂದೇ ದಿನದಲ್ಲಿ ತೋಡಿದರಂತೆ, ಶುದ್ಧ ಸುಳ್ಳು ಎಂದು ಒಮ್ಮೆ ಅವರ ಮುಂದೆ ನಗೆಯಾಡಿದೆ. ಅವರು ನಗಲಿಲ್ಲ. “ಸುಳ್ಳು ಅಂತ ಹೇಳ್ಲಿಕ್ಕೆ ಎಂತ ಕಷ್ಟ ಉಂಟು? ನೀವು ಅಳತೆ ತೆಗೆದಿದ್ದೀರಾ?” ಎಂದು ಕೇಳಿದರು. ನಾಚಿಕೆಯಾಯಿತು. ಹಗ್ಗ ಹಿಡಿದು ಹೋಗಿ ಕೆರೆಯ ಉದ್ದಗಲ ಅಳೆದೆ, ಬೇಸಿಗೆಯಲ್ಲಿ ಆಳ ಅಳೆದೆ, ಒಬ್ಬ ಆಳು ದಿನಕ್ಕೆ ಎಷ್ಟು ಮಣ್ಣು ಎತ್ತಬಲ್ಲನೆಂದು ಕೆಲಸದವರನ್ನು ಕೇಳಿ ಬರೆದುಕೊಂಡೆ. ಆ ಕತೆ ಸುಳ್ಳೆಂದೇ ಆಯಿತು. ಆದರೆ ಈ ಬಾರಿ ಅದು ನನಗೆ ಗೊತ್ತಿತ್ತು, ಬರಿಯ ಬಾಯಿಯ ಮಾತಾಗಿರಲಿಲ್ಲ. ಆಮೇಲೆ ನಾನು ಯಾವ ಪುಸ್ತಕದಿಂದ ಏನು ಎತ್ತಿ ಹೇಳಿದರೂ ಅವರದು ಒಂದೇ ಪ್ರಶ್ನೆ: “ಅದು ಯಾವ ಎಣ್ಣೆ ಹಾಕಿ ಅಳೆದದ್ದು?” ಶಾಲೆ ನನಗೆ ಅಕ್ಷರ ಕೊಟ್ಟಿತು. ಓದುವುದು ಹೇಗೆಂದು ಹೇಳಿಕೊಟ್ಟವರು ಗ್ರೀಸಿನ ಡಬ್ಬಿಯ ಮುಂದೆ ಕುಳಿತಿದ್ದ ಈ ಮನುಷ್ಯ.

ಇದನ್ನೆಲ್ಲ ನಾನು ಮೂಡುಬಿದಿರೆಯ ಗ್ಯಾರೇಜಿನವರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು; ಒಪ್ಪಲಿಲ್ಲ. ತಾವು ಕಣ್ಣಾರೆ ಎರಡು ಸಲ ಅವರು ಸಣ್ಣ ಸ್ಪ್ಯಾನರಿನಿಂದ ಬಿಗಿದದ್ದನ್ನು ಕಂಡಿದ್ದಾಗಿಯೂ, ಅದನ್ನು ನೋಡಿಯೇ ತಾವೂ ಈಗ ಕೈಯಂದಾಜಿಗೆ ಬಂದಿರುವುದಾಗಿಯೂ ಹೆಮ್ಮೆಯಿಂದ ಹೇಳಿದರು. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನೊಂದರ ಎಂಜಿನ್ ಆ ವಾರವಷ್ಟೇ ಹಾಗೆ ಬಿಗಿದು ಕೊಟ್ಟಿದ್ದರಂತೆ. ಕರಪತ್ರ ಗೋಡೆಗೆ ಏರಿದರೆ ಮೂರೂ ಕಡೆಯ ಗ್ಯಾರೇಜುಗಳಲ್ಲಿ ಇದೇ ನಡೆಯುತ್ತದೆ. ಒಡೆದದ್ದು ಕೊಸರಿನಿಂದ, ಗ್ರೀಸಿನಿಂದ ಎಂದು ಮೇಸ್ತ್ರಿಯವರೇ ಒಪ್ಪಿಕೊಂಡಿದ್ದಾರೆ ಎಂದು ಮತ್ತೆ ಹೇಳಿದೆ.

“ಮಾಮ, ನೀವು ಹೇಳುದು ಸರಿ ಇರ್ಬಹುದು. ಆದ್ರೆ ಒಪ್ಪಿಕೊಂಡದ್ದು ನಿಮ್ಮ ಕಿವಿಗೆ ಮಾತ್ರ ಕೇಳಿದ್ದಲ್ವಾ? ನೀವೇ ಆದ್ರೆ ಇಂಥದ್ದು ನಂಬ್ತೀರಾ?”

ನಂಬುತ್ತಿರಲಿಲ್ಲ. ಸಾಕ್ಷಿ ತರುತ್ತೇನೆ, ಅಲ್ಲಿಯವರೆಗೆ ಅಚ್ಚಿಗೆ ಕೊಡಬೇಡಿ ಎಂದೆ. ಒಂದು ವಾರ ಕೊಟ್ಟರು.

ಧಣಿಗಳು ತೀರಿಕೊಂಡು ವರ್ಷಗಳೇ ಆಗಿವೆ. ಅವರ ಮಗಳು ಬೆಳುವಾಯಿಯಲ್ಲೇ ಇದ್ದಾರೆ, ನಿವೃತ್ತ ಶಿಕ್ಷಕಿ. ಆ ಕಾರಿನ ಬಗ್ಗೆ ಏನಾದರೂ ನೆನಪಿದೆಯೇ ಎಂದು ಕೇಳಲು ಹೋದೆ. ಗ್ಯಾರೇಜಿನವರನ್ನೂ ಜೊತೆಗೆ ಕರೆದುಕೊಂಡೆ, ಮತ್ತೆ ನನ್ನ ಕಿವಿಯೊಂದೇ ಸಾಕ್ಷಿಯಾಗಬಾರದಲ್ಲ. ಆ ಶಿಕ್ಷಕಿ ನೆನಪು ಹೇಳಲಿಲ್ಲ. ಒಳಗೆ ಹೋಗಿ, ಆ ಕಾರಿನ ದಾಖಲೆಗಳ ಹಳೆಯ ಕಡತ ತಂದರು. ನೋಂದಣಿ ಪುಸ್ತಕದ ಹಿಂದೆ, ಶಾಲೆಯ ಬರೆಯುವ ಪುಸ್ತಕದಿಂದ ಹರಿದ ಗೆರೆಯ ಹಾಳೆಯಲ್ಲಿ ಒಂದು ಕಾಗದವಿತ್ತು. ಅಕ್ಷರ ಮೇಸ್ತ್ರಿಯವರದೇ, ಅಳತೆಯ ಚೀಟಿಗಳಲ್ಲಿ ನೂರು ಸಲ ನೋಡಿದ್ದೇನೆ.

“ಧಣಿಗಳಿಗೆ ನಮಸ್ಕಾರ. ನಿಮ್ಮ ಎಂಜಿನ್ ಒಡೆದದ್ದು ಡ್ರೈವರರಿಂದ ಅಲ್ಲ. ರಾಡ್ ಬೋಲ್ಟನ್ನು ನಾನು ಗ್ರೀಸ್ ಡಬ್ಬಿಯಿಂದ ತೆಗೆದು ಒರಸದೆ ಬಿಗಿದೆ. ಮೇಲೆ ಒಂದು ಕೊಸರು ಎಳೆದೆ. ಎಲ್ಲ ಬೋಲ್ಟು ಉದ್ದ ಆಗಿದೆ. ಬಿಚ್ಚಿ ಅಳೆದು ನೋಡಿದೆ. ಎಂಜಿನ್ ನಾನು ಪುನಃ ಕಟ್ಟಿ ಕೊಡುತ್ತೇನೆ. ಡ್ರೈವರರನ್ನು ತೆಗೆಯಬೇಡಿ.”

ಕೆಳಗೆ ಸಹಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಅದು ಬುಧವಾರ ಬೆಳಿಗ್ಗೆ ಬಂತೆಂದೂ, ಕನ್ನಡಕ ಮುರಿದಿದ್ದ ತಂದೆಗೆ ತಾನೇ ಓದಿ ಹೇಳಿದೆನೆಂದೂ, ಅವರು ಎರಡನೆಯ ಸಲ ಓದಿಸಿ, ಶುಕ್ರವಾರ ಬಂದು ಕೀಲಿ ಕೊಡುತ್ತೇನೆಂದು ಅದೇ ಕಂಡಕ್ಟರನ ಕೈಯಲ್ಲಿ ಮೇಸ್ತ್ರಿಗೆ ಹೇಳಿಕಳುಹಿಸಿದರೆಂದೂ ಆ ಶಿಕ್ಷಕಿ ಹೇಳಿದರು. ನಾನು ಗೆದ್ದೆನೆಂಬ ಖುಷಿಯಲ್ಲಿದ್ದ ಕಾರಣ ಅವರ ಮಾತು ನನ್ನ ತಲೆಗೆ ಸರಿಯಾಗಿ ಹೋಗಲಿಲ್ಲ. ಗ್ಯಾರೇಜಿನವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕರಪತ್ರ ಹಿಂದೆ ತೆಗೆದುಕೊಳ್ಳುತ್ತೇನೆ, ಆ ವ್ಯಾನನ್ನು ನಾಳೆಯೇ ಕರೆಸಿ ಬಿಚ್ಚಿ ಅಳೆಯುತ್ತೇನೆ ಎಂದರು. ಆಮೇಲೆ ಕಾಗದದ ಮೇಲ್ತುದಿಗೆ ಬೆರಳಿಟ್ಟರು.

“ನೀವು ಜಗಳ ಮಾಡಿದ್ದಕ್ಕೆ ಒಪ್ಪಿಕೊಂಡ್ರು ಅಂತ ಹೇಳಿದ್ರಲ್ಲ ಮಾಮ. ಇದ್ರಲ್ಲಿ ಮಂಗಳವಾರ ಅಂತ ಉಂಟು.”

ಓದಿದೆ. ಮಂಗಳವಾರ ಎಂದೇ ಇತ್ತು. ಎಂಜಿನ್ ಬಿಚ್ಚಿದ ದಿನವೇ, ಯಾರೂ ಕೇಳುವ ಮುಂಚೆಯೇ ಬರೆದಿದ್ದಾರೆ. ಗುರುವಾರ ನಾನು ಅವರ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅನ್ನುವಾಗ ಕಾಗದ ಬೆಳುವಾಯಿ ಮುಟ್ಟಿ ಒಂದು ದಿನವಾಗಿತ್ತು. ಅವರು ಅದನ್ನು ಹೇಳಬಹುದಿತ್ತು. ಬದಲಿಗೆ ನನ್ನ ಕೈಗೆ ನಟ್ಟು ಕೊಟ್ಟರು. ಆಮೇಲೆ ಇಷ್ಟು ವರ್ಷ, ನನ್ನ ಜಗಳದಿಂದಲೇ ನನ್ನ ಕೆಲಸ ಉಳಿಯಿತೆಂದು ನಾನು ಅವರೆದುರಿಗೇ ಬೇರೆಯವರಿಗೆ ಹೇಳುತ್ತಿದ್ದಾಗಲೂ ಸುಮ್ಮನೆ ಬೆರಳು ಒರಸಿಕೊಳ್ಳುತ್ತ ಕುಳಿತಿದ್ದರು.

ಕರಪತ್ರದ ಬದಲಿಗೆ ಅಚ್ಚಾಗುತ್ತಿರುವುದು ಈ ಬರಹ. ಮೂಲ ಕಾಗದ ಬೆಳುವಾಯಿಯ ಆ ಮನೆಯಲ್ಲೇ, ಅದೇ ಕಡತದಲ್ಲಿದೆ. ಬಂದವರಿಗೆ ತೋರಿಸಲು ಆ ಶಿಕ್ಷಕಿ ಒಪ್ಪಿದ್ದಾರೆ. ದಾರಿ ಬೇಕಾದವರು ಮೂಡುಬಿದಿರೆಯ ಗ್ಯಾರೇಜಿನಲ್ಲಿ ವಿಚಾರಿಸಬಹುದು. ನಾನು ಬರೆದಿದ್ದೇನೆಂದು ನಂಬಬೇಡಿ, ಹೋಗಿ ನೋಡಿ. ಬಲಗಡೆ ಮೇಲೆ, ಶಾಯಿ ಸ್ವಲ್ಪ ಹರಡಿದೆ, ಆದರೂ ವಾರ ಸ್ಪಷ್ಟವಾಗಿ ಓದಬಹುದು.